ಬುಕಾರೆಸ್ಟಿನಲ್ಲಿ ಮೂರು ದಿನ: ಕಮ್ಯುನಿಸ್ಟ್ ಕಾಲದ ನಗರವನ್ನು ಯಾರೊಂದಿಗೆ, ಹೇಗೆ ನೋಡಬೇಕು?

ಪ್ರಶ್ನೆ: ನಾನು ಜರ್ಮನಿಯ ಮ್ಯೂನಿಕ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದು, ಕಾರ್ಮಿಕ ಸಂಘದ ಕೆಲಸದಲ್ಲೇ ಆಯುಷ್ಯದ ಬಹುಪಾಲು ಕಳೆದ ನನ್ನ 73 ವರ್ಷದ ತಂದೆಯವರು ಅಕ್ಟೋಬರ್‌ನಲ್ಲಿ ಇಲ್ಲಿಗೆ ಬರಲಿದ್ದಾರೆ. ಸಮಾಜವಾದಿ ದೇಶವೊಂದರ ರಾಜಧಾನಿಯನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನದ ಆಸೆ. ಅದಕ್ಕಾಗಿ ರುಮೇನಿಯಾದ ಬುಕಾರೆಸ್ಟಿಗೆ ಮೂರು ದಿನಗಳ ಪ್ರವಾಸ ಗೊತ್ತುಮಾಡಿದ್ದೇನೆ. ಖಾಸಗಿ ಗೈಡ್ ನಿಜಕ್ಕೂ ಬೇಕೆ, ಅಥವಾ ನಕ್ಷೆ ಹಿಡಿದು ನಾವೇ ಸುತ್ತಬಹುದೆ? ಅಲ್ಲಿನ ಗೈಡ್‌ಗಳು ಕಮ್ಯುನಿಸ್ಟರನ್ನು ಬೈಯುವುದಕ್ಕೇ ಹಣ ಪಡೆಯುತ್ತಾರೆಂಬ ಆತಂಕ ತಂದೆಯವರಿಗಿದೆ. ಏನೇನು ನೋಡಬೇಕೆಂದು ತಿಳಿಸಿ.

ಉತ್ತರ: ಗೈಡ್ ಬೇಕು, ಆದರೆ ಮೂರೂ ದಿನಕ್ಕೆ ಬೇಡ. ಎರಡು ದಿನ, ದಿನಕ್ಕೆ ಮೂರೂವರೆ ಗಂಟೆಯಂತೆ ಗೊತ್ತುಮಾಡಿಕೊಂಡು ಮಿಕ್ಕ ಸಮಯದಲ್ಲಿ ನೀವಿಬ್ಬರೇ ನಿಧಾನವಾಗಿ ತಿರುಗಾಡಿ. ಕಾರಣ ಹೇಳುತ್ತೇನೆ. ಬುಕಾರೆಸ್ಟಿನ ದೊಡ್ಡ ಕಟ್ಟಡಗಳನ್ನು ನೋಡಲು ಯಾರ ನೆರವೂ ಬೇಕಿಲ್ಲ. ನಗರದ ಯಾವ ಮೂಲೆಯಲ್ಲಿ ನಿಂತರೂ ಅವು ಕಾಣುತ್ತವೆ. ಆದರೆ ಆ ಕಾಲವನ್ನು ಅರ್ಥ ಮಾಡಿಕೊಳ್ಳಲು ಮುಖ್ಯವಾಗಿ ಬೇಕಾದದ್ದು ಆ ಕಟ್ಟಡಗಳಿಗಾಗಿ ಅಲ್ಲಿಂದ ತೆಗೆದುಹಾಕಿದ್ದರ ಲೆಕ್ಕ. ಅದು ನಕ್ಷೆಯಲ್ಲಿಲ್ಲ, ಫಲಕಗಳಲ್ಲೂ ಬಹುಮಟ್ಟಿಗೆ ಇಲ್ಲ. ಆ ಬೀದಿಗಳಲ್ಲಿ ಬೆಳೆದವರ, ಇಲ್ಲವೇ ಬೆಳೆದವರ ಮಕ್ಕಳ ನೆನಪಿನಲ್ಲಿದೆ. ನಾನು ಆ ನಗರದಲ್ಲಿ ನಾಲ್ಕು ವರ್ಷ ವಾಸವಾಗಿದ್ದವನು, ಅನಂತರವೂ ಪೂರ್ವ ಯುರೋಪಿನ ಇತಿಹಾಸದ ಪಾಠ ಹೇಳುವ ನೆಪದಲ್ಲಿ ಹಲವು ಬಾರಿ ಹೋಗಿಬಂದವನು. ಆದರೂ ನಗರವನ್ನು ನನಗೆ ನಿಜವಾಗಿ ತೋರಿಸಿದವರು ಅಲ್ಲಿಯ ಒಬ್ಬ ನಿವೃತ್ತ ಭೂಗೋಳ ಶಿಕ್ಷಕಿ, ಗೈಡ್ ಕೆಲಸ ಮಾಡುತ್ತಿದ್ದವರು.

ಮೊದಲು ಸ್ವಲ್ಪ ಹಿನ್ನೆಲೆ. 1977ರ ಮಾರ್ಚ್ 4ರ ರಾತ್ರಿ ರುಮೇನಿಯಾದಲ್ಲಿ ಭಾರೀ ಭೂಕಂಪವಾಯಿತು. ಸತ್ತವರು 1,500ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಬುಕಾರೆಸ್ಟಿನವರು. ಆಗ ಅಧಿಕಾರದಲ್ಲಿದ್ದ ನಿಕೊಲಾಯೆ ಚಾವುಶೆಸ್ಕು, 1971ರಲ್ಲಿ ಚೀನಾ ಮತ್ತು ಉತ್ತರ ಕೊರಿಯಾಗಳಿಗೆ ಹೋಗಿ ಅಲ್ಲಿಯ ಅಗಲವಾದ ರಸ್ತೆಗಳನ್ನೂ ಶಿಸ್ತಿನ ಮೆರವಣಿಗೆಗಳನ್ನೂ ಕಂಡು ಮಾರುಹೋಗಿದ್ದರು. ಭೂಕಂಪವು ಅವರಿಗೆ ಹಳೆಯ ನಗರವನ್ನು ಕೆಡವಿ ಹೊಸ ನಾಗರಿಕ ಕೇಂದ್ರವನ್ನು ಕಟ್ಟಲು ಒಂದು ನೆಪ ಒದಗಿಸಿತು. ಬಿರುಕು ಬಿಟ್ಟ ಮನೆಗಳ ಜೊತೆಗೆ ಗಟ್ಟಿಯಾಗಿದ್ದವೂ ಹೋದವು. ದಿಂಬೊವಿತ್ಸಾ ನದಿಯ ದಕ್ಷಿಣಕ್ಕೆ, ದಿಬ್ಬದ ಮೇಲಿದ್ದ ಉರಾನುಸ್ ಎಂಬ ಬಡಾವಣೆ ಹೇಳಹೆಸರಿಲ್ಲದಂತೆ ನೆಲಸಮವಾಯಿತು. ಅಲ್ಲಿಂದ ಮತ್ತು ಸುತ್ತಲಿನಿಂದ ಎತ್ತಂಗಡಿಯಾದವರ ಸಂಖ್ಯೆ ಸುಮಾರು 40,000 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಸುಮಾರು 20 ಚರ್ಚುಗಳನ್ನು ಕೆಡವಲಾಯಿತು. 18ನೆಯ ಶತಮಾನದ ವಕರೆಶ್ತಿ ಮಠ, ಬ್ರಿಂಕೊವೆನೆಸ್ಕ್ ಆಸ್ಪತ್ರೆ ಇವೆಲ್ಲ 1980ರ ದಶಕದಲ್ಲೇ ಮಣ್ಣುಗೂಡಿದವು.

ಆದ್ದರಿಂದ ನಿಮ್ಮ ಮೊದಲ ದಿನವನ್ನು, ಹಾಗೆ ತೆರವಾದ ಜಾಗದಲ್ಲಿ ಎದ್ದ ಸಂಸತ್ ಭವನದ ಮುಂದೆ ಆರಂಭಿಸಬೇಡಿ. ಎಷ್ಟೋ ಗುಂಪುಪ್ರವಾಸಗಳು ಅಲ್ಲಿಂದಲೇ ಶುರುವಾಗುತ್ತವೆ, ಬಂದವರ ಕಣ್ಣು ಅದರ ಗಾತ್ರಕ್ಕೇ ಸೋತುಹೋಗುತ್ತದೆ. ಅದರ ಬದಲು ಗೈಡ್‌ಗೆ ಮೊದಲೇ ತಿಳಿಸಿ, ಮಿಹಾಯ್ ವೋಡಾ ಚರ್ಚಿನ ಬಳಿ ಭೇಟಿಯಾಗಿ. ದೊಡ್ಡ ರಸ್ತೆಯಿಂದ ನೋಡಿದರೆ ಆ ಚರ್ಚು ಕಾಣುವುದೇ ಇಲ್ಲ. ಎತ್ತರದ ಅಪಾರ್ಟ್‌ಮೆಂಟ್‌ಗಳ ಸಾಲಿನ ನಡುವಿನ ಸಂದಿಯೊಂದರಲ್ಲಿ ನುಗ್ಗಿ ಹಿಂಬದಿಗೆ ಹೋದರೆ, ಕಾರುಗಳು ನಿಂತಿರುವ ಅಂಗಳದ ಪಕ್ಕದಲ್ಲಿ, ಸುತ್ತ ಗೋಡೆಗಳಿಂದ ಮುಚ್ಚಿಹೋದ ಹಾಗೆ, 1591ರಲ್ಲಿ ಕಟ್ಟಿಸಿದ ಕೆಂಪು ಇಟ್ಟಿಗೆಯ ಒಂದು ಚರ್ಚು ಮತ್ತು ಅದರ ಗಂಟೆಗೋಪುರ ನಿಂತಿವೆ. ಅದನ್ನು ಕಟ್ಟಿಸಿದ ಮಿಹಾಯ್, ಮುಂದೆ ದೊರೆಯಾಗಿ ರುಮೇನಿಯನ್ ನಾಡುಗಳನ್ನು ಅಲ್ಪಕಾಲಕ್ಕಾದರೂ ಒಂದುಗೂಡಿಸಿ ಆ ಜನರ ವೀರಪುರುಷನಾದವನು. ಅವನ ಚರ್ಚು ಮೊದಲು ದಿಬ್ಬದ ಮೇಲಿತ್ತು. 1985ರಲ್ಲಿ ಅದನ್ನು ಇಡಿಯಾಗಿ 289 ಮೀಟರ್ ದೂರ ಸರಿಸಿ, ಇಳಿಜಾರಿನಲ್ಲಿ ಆರು ಮೀಟರ್‌ಗೂ ಹೆಚ್ಚು ಕೆಳಕ್ಕೆ ತಂದು ನಿಲ್ಲಿಸಿದರು. ಸುತ್ತಲಿದ್ದ ಮಠದ ಕಟ್ಟಡಗಳನ್ನು ಮಾತ್ರ ಕೆಡವಿಬಿಟ್ಟರು.

ಚರ್ಚು ಸರಿಸುವುದೆಂದರೆ ಹೇಗೆ? ಈ ಕೆಲಸದ ಹಿಂದಿದ್ದವರು ಯೂಜೆನಿಯು ಯೊರ್ದಾಕೆಸ್ಕು ಎಂಬ ಸಿವಿಲ್ ಎಂಜಿನಿಯರ್. ಅವರ ವಿಧಾನ ಹೀಗಿತ್ತು: ಗೋಡೆಯ ಬುಡದಲ್ಲಿ ಅಡಿಪಾಯವನ್ನು ಸ್ವಲ್ಪ ಸ್ವಲ್ಪವೇ ಕೊರೆದು, ಕೊರೆದ ಜಾಗದಲ್ಲೆಲ್ಲ ಕಬ್ಬಿಣ ಕಟ್ಟಿ ಕಾಂಕ್ರೀಟ್ ತುಂಬುತ್ತ, ಇಡೀ ಕಟ್ಟಡ ಒಂದು ಗಟ್ಟಿ ಹರಿವಾಣದ ಮೇಲೆ ಕುಳಿತಂತೆ ಮಾಡುವುದು, ಹಳೆಯ ಅಡಿಪಾಯದ ಬಂಧ ಪೂರ್ತಿ ಬಿಟ್ಟ ಮೇಲೆ ಹೈಡ್ರಾಲಿಕ್ ಜ್ಯಾಕ್‌ಗಳಿಂದ ಆ ಹರಿವಾಣವನ್ನೇ ಎತ್ತಿ, ಅಡಿಗೆ ಹಳಿ ಹಾಸಿ, ಗಂಟೆಗೆ ಕೆಲವೇ ಮೀಟರ್ ವೇಗದಲ್ಲಿ ಹೊಸ ಜಾಗಕ್ಕೆ ಜರುಗಿಸುವುದು. ಗಾಜಿನ ಲೋಟಗಳಿದ್ದ ತಟ್ಟೆಯನ್ನು ಹೋಟೆಲಿನ ಮಾಣಿಯೊಬ್ಬ ಒಂದೂ ಅಲುಗದಂತೆ ಎತ್ತಿಕೊಂಡು ಹೋಗುತ್ತಿದ್ದುದನ್ನು ನೋಡಿದಾಗ ಈ ಯೋಚನೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಹೀಗೆ ಉಳಿದ ಚರ್ಚುಗಳು ಸುಮಾರು 12. ಅವೆಲ್ಲ ಹೆಚ್ಚುಕಡಿಮೆ ಮಿಹಾಯ್ ವೋಡಾದಂತೆಯೇ ಹೊಸ ಕಟ್ಟಡಗಳ ಬೆನ್ನಿಗೆ, ರಸ್ತೆಗೆ ಕಾಣದ ಹಾಗೆ ನಿಂತಿವೆ. ಧರ್ಮವನ್ನು ಕಂಡರಾಗದ ಆಡಳಿತದ ಒಳಗೇ ಇದ್ದುಕೊಂಡು, ಕೆಡವುವ ಆದೇಶಕ್ಕೆ ಎದುರಾಗಿ ‘ಕೆಡವಬೇಡಿ, ಸರಿಸಿಕೊಡುತ್ತೇನೆ’ ಎಂದು ಲೆಕ್ಕ ಒಪ್ಪಿಸಿದ ಈ ಎಂಜಿನಿಯರ್‌ ಬಗ್ಗೆ ನನಗೆ ಅಪಾರ ಗೌರವವಿದೆ. ನಿಮ್ಮ ತಂದೆಯವರಿಗೆ ಯಂತ್ರಗಳ ನಡುವೆ ಕೆಲಸ ಮಾಡಿ ಗೊತ್ತಿರುವುದರಿಂದ, ಈ ಚರ್ಚಿನ ಬುಡವನ್ನು ಅವರು ಬಗ್ಗಿ ನೋಡಿಯೇ ನೋಡುತ್ತಾರೆ.

ನಾನು ಹೇಳಿದ ಶಿಕ್ಷಕಿಯವರು ನನ್ನನ್ನು ಮೊದಲು ಕರೆದೊಯ್ದದ್ದು ಈ ಅಂಗಳಕ್ಕೇ. ಉರಾನುಸ್ ಬಡಾವಣೆಯಲ್ಲಿ ಅವರ ತವರುಮನೆ ಇತ್ತು. ತೆರವಿನ ನೋಟಿಸು ಬಂದಾಗ ಅವರಿಗೆ ಇಪ್ಪತ್ತರ ಆಸುಪಾಸು. ಮನೆಯ ಮುಂದೆ ಉಪ್ಪುನೇರಳೆ ಮರ, ಹಿತ್ತಲಲ್ಲಿ ಒಂದು ನಾಯಿ. ಕೊಟ್ಟದ್ದು ನಗರದ ಇನ್ನೊಂದು ತುದಿಯಲ್ಲಿ ಎಂಟನೆಯ ಅಂತಸ್ತಿನ ಎರಡು ಕೋಣೆಯ ಮನೆ. ಅಲ್ಲಿಗೆ ನಾಯಿಯನ್ನು ಒಯ್ಯುವಂತಿರಲಿಲ್ಲ. ಅವರ ತಂದೆ ತಿಂಗಳುಗಟ್ಟಲೆ, ಕೆಲಸ ಮುಗಿಸಿ ಟ್ರ್ಯಾಮ್ ಹತ್ತಿ, ಅರ್ಧ ಕೆಡವಿದ ಬೀದಿಗೆ ಹೋಗಿ ಆ ನಾಯಿಗೆ ಬ್ರೆಡ್ಡು ಹಾಕಿ ಬರುತ್ತಿದ್ದರಂತೆ. ಒಂದು ಸಂಜೆ ಹೋದಾಗ ಬೀದಿಯೇ ಇರಲಿಲ್ಲ, ತಗಡಿನ ಬೇಲಿ ಎದ್ದಿತ್ತು. ಬುಕಾರೆಸ್ಟಿನ ಬೀದಿನಾಯಿಗಳ ಬಗ್ಗೆ ನೀವು ಕೇಳಿರಬಹುದು. ಮನೆ ಕಳೆದುಕೊಂಡವರು ಬಿಟ್ಟುಹೋದ ನಾಯಿಗಳಿಂದಲೇ ಆ ಸಮಸ್ಯೆ ಬೆಳೆಯಿತೆಂದು ಅಲ್ಲಿಯವರೆಲ್ಲ ಹೇಳುತ್ತಾರೆ. ಶಿಕ್ಷಕಿಯವರು ಇದನ್ನೆಲ್ಲ ದನಿ ಏರಿಸದೆ ಹೇಳಿ, ಚರ್ಚಿನ ಗೋಡೆಯಲ್ಲಿ ಹಳೆಯ ಇಟ್ಟಿಗೆ ಮುಗಿದು ಹೊಸ ಕಾಂಕ್ರೀಟ್ ಶುರುವಾಗುವ ಗೆರೆಯನ್ನು ಬೆರಳಿನಿಂದ ಸವರಿ ತೋರಿಸಿದರು. ಅದಾದ ಮೇಲೆ ಸಂಸತ್ ಭವನದ ಕಡೆಗೆ ನಡೆದೆವು. ಅಷ್ಟು ಹೊತ್ತಿಗೆ ನನಗೆ ಆ ಭವನದ ಅಡಿಯಲ್ಲಿ ಏನಿತ್ತೆಂದು ಗೊತ್ತಿತ್ತು.

ಈಗ ಸಂಸತ್ ಭವನಕ್ಕೆ ಬರೋಣ. ಜನ ಇಂದಿಗೂ ಅದನ್ನು ‘ಕಾಸಾ ಪೊಪೊರುಲುಯಿ’, ಅಂದರೆ ಜನತೆಯ ಮನೆ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಶಂಕುಸ್ಥಾಪನೆಯಾದದ್ದು 1984ರ ಜೂನ್‌ನಲ್ಲಿ. ಮುಖ್ಯ ವಾಸ್ತುಶಿಲ್ಪಿ ಆಂಕಾ ಪೆಟ್ರೆಸ್ಕು ಆಗಿನ್ನೂ ಮೂವತ್ತರ ಹರೆಯದವರು. ಅವರ ಕೈಕೆಳಗೆ ನೂರಾರು ವಾಸ್ತುಶಿಲ್ಪಿಗಳು, ಸಾವಿರಾರು ಕೆಲಸಗಾರರು, ಸೈನಿಕರು ಹಗಲೂ ರಾತ್ರಿ ಪಾಳಿಯಲ್ಲಿ ದುಡಿದರು. ಉದ್ದ 270 ಮೀಟರ್, ಅಗಲ 240 ಮೀಟರ್, ನೆಲದಿಂದ ಎತ್ತರ 84 ಮೀಟರ್, ಒಳಗಿನ ಒಟ್ಟು ವಿಸ್ತೀರ್ಣ ಸುಮಾರು 3,65,000 ಚದರ ಮೀಟರ್. ಅಮೃತಶಿಲೆ, ಮರ, ಸ್ಫಟಿಕದ ದೀಪಗುಚ್ಛ, ರತ್ನಗಂಬಳಿ ಹೀಗೆ ಬಹುತೇಕ ಎಲ್ಲವೂ ದೇಶದ ಒಳಗಿನದೇ. ಚಾವುಶೆಸ್ಕು ಸಾಯುವ ಹೊತ್ತಿಗೆ ಕಟ್ಟಡ ಪೂರ್ತಿಯಾಗಿರಲಿಲ್ಲ. ಈಗ ಅಲ್ಲಿ ಸಂಸತ್ತಿನ ಎರಡೂ ಸದನಗಳು ನಡೆಯುತ್ತವೆ. ಹಿಂಬದಿಯ ಒಂದು ಭಾಗದಲ್ಲಿ 2004ರಿಂದ ಸಮಕಾಲೀನ ಕಲೆಯ ರಾಷ್ಟ್ರೀಯ ಸಂಗ್ರಹಾಲಯವಿದೆ.

ಒಳಗೆ ಹೋಗಲು ಮುಂಗಡವಾಗಿ ಸಮಯ ಕಾದಿರಿಸಬೇಕು ಮತ್ತು ಮೂಲ ಪಾಸ್‌ಪೋರ್ಟ್ ತೋರಿಸಬೇಕು, ನಕಲು ಪ್ರತಿ ನಡೆಯುವುದಿಲ್ಲ. ಒಳಗಿನ ವಿವರಣೆಯನ್ನು ಕೊಡುವವರು ಭವನದ್ದೇ ಸಿಬ್ಬಂದಿ. ಆದ್ದರಿಂದ ಆ ಹೊತ್ತಿಗೆ ಖಾಸಗಿ ಗೈಡ್‌ಗೆ ಹಣ ತೆರಬೇಕಾಗಿಲ್ಲ, ಅವರನ್ನು ಆಮೇಲೆ ಹೊರಗೆ ಭೇಟಿಯಾಗಿ. ಸಿಬ್ಬಂದಿ ಒಪ್ಪಿಸುವುದು ಬಹುಪಾಲು ಅಂಕಿಗಳ ಬಾಯಿಪಾಠ: ಇಷ್ಟು ಟನ್ ಸ್ಫಟಿಕ, ಇಷ್ಟು ಚದರ ಮೀಟರ್ ಅಮೃತಶಿಲೆ, ಅಮೆರಿಕದ ಪೆಂಟಗನ್ ಬಿಟ್ಟರೆ ಇದೇ ದೊಡ್ಡ ಆಡಳಿತ ಕಟ್ಟಡ ಎಂಬಿತ್ಯಾದಿ. ಅದನ್ನು ಕೇಳುತ್ತಲೇ ಒಂದು ವಿಷಯ ಗಮನಿಸಿ. ದೊಡ್ಡ ಮೆಟ್ಟಿಲುಗಳನ್ನು ಚಾವುಶೆಸ್ಕು ದಂಪತಿ ಇಷ್ಟವಾಗಲಿಲ್ಲವೆಂದು ಮತ್ತೆ ಮತ್ತೆ ಕಿತ್ತು ಕಟ್ಟಿಸಿದರೆಂದು ಹೇಳುತ್ತಾರೆ. ಒಂದೊಂದು ಮೆಟ್ಟಿಲೂ ಅವರ ಹೆಜ್ಜೆಯ ಅಳತೆಗೆ ತಕ್ಕಂತೆ ತಗ್ಗಾಗಿದೆ. ನಿಮ್ಮ ತಂದೆಯವರ ಮಂಡಿಗೆ ಅದು ಅನುಕೂಲವೇ ಆಗುತ್ತದೆ, ಆದರೆ ಭೇಟಿಯಲ್ಲಿ ನಡಿಗೆಯೂ ಮೆಟ್ಟಿಲೂ ಸಾಕಷ್ಟಿವೆ ಎಂಬುದು ನೆನಪಿರಲಿ.

ಈ ಕಟ್ಟಡ ಏಳುತ್ತಿದ್ದ ವರ್ಷಗಳಲ್ಲಿ ಊರಿನ ಮನೆಗಳಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಗೈಡ್‌ರಿಂದ ಕೇಳಿ ತಿಳಿಯಬೇಕು. 1980ರ ದಶಕದ ಆರಂಭದಲ್ಲಿ ದೇಶದ ವಿದೇಶಿ ಸಾಲ ಸುಮಾರು 1,000 ಕೋಟಿ ಡಾಲರ್ ಇತ್ತು. ಅದನ್ನು ಪೂರ್ತಿ ತೀರಿಸಿಯೇ ಸಿದ್ಧವೆಂದು ಹಟ ಹಿಡಿದ ಆಡಳಿತ, ಬೆಳೆದ ಆಹಾರವನ್ನೂ ಹೊರಗೆ ಮಾರಿತು. ಬ್ರೆಡ್ಡು, ಎಣ್ಣೆ, ಸಕ್ಕರೆಗೆ ಪಡಿತರ ಬಂತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಕೊಳವೆಗಳು ತಣ್ಣಗಿರುತ್ತಿದ್ದವು, ವಿದ್ಯುತ್ ಹೇಳದೆ ಕೇಳದೆ ಹೋಗುತ್ತಿತ್ತು. ದೂರದರ್ಶನದ ಪ್ರಸಾರ ವಾರದ ದಿನಗಳಲ್ಲಿ ಎರಡೇ ಗಂಟೆಗೆ ಇಳಿಯಿತು, ಅದರಲ್ಲೂ ಬಹುಪಾಲು ನಾಯಕನ ಸ್ತುತಿ. ಒಳ್ಳೆಯ ಮಾಂಸವೆಲ್ಲ ರಫ್ತಾಗಿ ಅಂಗಡಿಯಲ್ಲಿ ಉಳಿಯುತ್ತಿದ್ದ ಹಂದಿಯ ಗೊರಸುಕಾಲುಗಳಿಗೆ ಜನ ‘ಅಡಿಡಾಸ್’ ಎಂದು ಹೆಸರಿಟ್ಟಿದ್ದರು. ಕಾಫಿಯ ಹೆಸರಿನಲ್ಲಿ ಸಿಗುತ್ತಿದ್ದ ಕಲಬೆರಕೆ ಪುಡಿಗೆ ‘ನೆಕೆಜೋಲ್’ ಎಂದು ಕರೆದರು. ಕುದುರೆಯ ಕೆನೆತವನ್ನು ಸೂಚಿಸುವ ಪದದಿಂದ ಅದು ಹುಟ್ಟಿದ್ದು. 1989ರ ಏಪ್ರಿಲ್‌ನಲ್ಲಿ ಸಾಲ ತೀರಿತೆಂದು ಘೋಷಣೆಯಾಯಿತು. ಆದರೆ ಕೊರತೆ ಮುಗಿಯಲಿಲ್ಲ, ಭವನದ ಕೆಲಸವೂ ನಿಲ್ಲಲಿಲ್ಲ.

ಭವನದ ಎದುರಿಗೆ ಹೊರಡುವ ಉನಿರಿ ರಸ್ತೆಯ ಅಂದಿನ ಹೆಸರು ‘ಸಮಾಜವಾದದ ವಿಜಯ’. ಕಾರಂಜಿಗಳ ಸಾಲಿನ ಪಕ್ಕದಲ್ಲಿ ಅರ್ಧ ಕಿಲೋಮೀಟರ್ ನಡೆದು, ಯಾವುದಾದರೂ ಒಂದು ಕಮಾನಿನ ಕೆಳಗೆ ಹಿಂದಕ್ಕೆ ಹಾಯ್ದು ನೋಡಿ. ರಸ್ತೆಗೆ ಮುಖ ಮಾಡಿದ ಕಡೆ ಕೆತ್ತನೆ, ಕಂಬ, ಬಾಲ್ಕನಿ. ಹಿಂದೆ ಬರಿಯ ಬೂದು ಗೋಡೆ, ಅದರಾಚೆ ಹೆಂಚಿನ ಹಳೆಯ ಮನೆಗಳು, ದ್ರಾಕ್ಷಿ ಬಳ್ಳಿಯ ಚಪ್ಪರ.

ಎರಡನೆಯ ದಿನದ ಗೈಡ್ ಸಮಯವನ್ನು ಕ್ರಾಂತಿ ಚೌಕಕ್ಕೆ ಮೀಸಲಿಡಿ. ತಂದೆಯವರ ಆತಂಕಕ್ಕೆ ಉತ್ತರವೂ ಅಲ್ಲಿಂದಲೇ ಆರಂಭವಾಗುತ್ತದೆ. ಹಿಂದಿನ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯ ಕಟ್ಟಡಕ್ಕೆ ಒಂದು ಬಾಲ್ಕನಿ ಇದೆ. ಅದೇನೂ ಬಹಳ ಎತ್ತರದಲ್ಲಿಲ್ಲ. ನೆಲದಲ್ಲಿ ನಿಂತವರಿಗೆ ಮಾತನಾಡುವವರ ಮುಖದ ಬಣ್ಣ ಬದಲಾದದ್ದು ಕಾಣುವಷ್ಟು ಹತ್ತಿರ. 1968ರ ಆಗಸ್ಟ್ 21ರಂದು ಸೋವಿಯತ್ ಸೇನೆ ಚೆಕೊಸ್ಲೊವಾಕಿಯಕ್ಕೆ ನುಗ್ಗಿದಾಗ, ಅದನ್ನು ಖಂಡಿಸಿ ಚಾವುಶೆಸ್ಕು ಇಲ್ಲಿಂದ ಮಾಡಿದ ಭಾಷಣಕ್ಕೆ ಚೌಕದ ತುಂಬ ನೆರೆದ ಜನ ಮನಸಾರೆ ಜೈಕಾರ ಹಾಕಿದ್ದರು. ಸೋವಿಯತ್ ನೇತೃತ್ವದ ಸೈನಿಕ ಕೂಟವಾದ ವಾರ್ಸಾ ಒಪ್ಪಂದದ ದೇಶವೊಂದರ ನಾಯಕ ಮಾಸ್ಕೋಗೆ ಎದುರಾಡಿದ್ದು ಆ ದಿನಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ಆ ಭಾಷಣ ಕೇಳಿ ಪಕ್ಷ ಸೇರಿದ ಬುದ್ಧಿಜೀವಿಗಳೂ ಇದ್ದರು. ಅದೇ ಬಾಲ್ಕನಿಯಲ್ಲಿ, 1989ರ ಡಿಸೆಂಬರ್ 21ರಂದು, ತಿಮಿಶೋರಾ ನಗರದಲ್ಲಿ ಪ್ರತಿಭಟನಕಾರರ ಮೇಲೆ ಗುಂಡು ಹಾರಿ ಕೆಲವೇ ದಿನಗಳಾಗಿದ್ದಾಗ, ಅವರು ಮತ್ತೆ ನಿಂತು ಮಾತು ಆರಂಭಿಸಿದರು. ಭಾಷಣದ ನಡುವೆ ಚೌಕದಲ್ಲಿ ಗದ್ದಲವೆದ್ದಿತು. ‘ಹಲೋ, ಹಲೋ’ ಎಂದು ಕೂಗುತ್ತ, ಕೈ ಎತ್ತಿ ಜನರನ್ನು ಸುಮ್ಮನಾಗಿಸಲು ನೋಡಿದರು, ಕನಿಷ್ಠ ಸಂಬಳಕ್ಕೆ 200 ಲೇ (ಲೇ ಅಲ್ಲಿಯ ಹಣ) ಏರಿಕೆಯ ಭರವಸೆ ಕೊಟ್ಟರು. ಅದು ನೇರ ಪ್ರಸಾರವಾಗಿದ್ದುದರಿಂದ ಆ ಗಲಿಬಿಲಿಯನ್ನು ದೇಶವೆಲ್ಲ ನೋಡಿತು. ಮರುದಿನ ಅದೇ ಕಟ್ಟಡದ ಮಾಳಿಗೆಯಿಂದ ಹೆಲಿಕಾಪ್ಟರ್‌ನಲ್ಲಿ ಪಲಾಯನ. ಡಿಸೆಂಬರ್ 25ರಂದು ತಿರ್ಗೊವಿಶ್ತೆಯಲ್ಲಿ ಅವಸರದ ವಿಚಾರಣೆ, ಪತ್ನಿ ಎಲೆನಾರೊಂದಿಗೆ ಮರಣದಂಡನೆ.

ಆ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಸತ್ತವರು 1,100ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಸತ್ತದ್ದು ಚಾವುಶೆಸ್ಕು ಓಡಿಹೋದ ಮೇಲೆ. ಯಾರು ಯಾರ ಮೇಲೆ ಗುಂಡು ಹಾರಿಸಿದರೆಂಬ ಪ್ರಶ್ನೆ ಆ ಸಮಾಜವನ್ನು ಇನ್ನೂ ಕಾಡುತ್ತಿದೆ. ಎದುರಿಗಿರುವ ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯ ಆ ಗುಂಡಿನ ಕಾಳಗದಲ್ಲಿ ಹೊತ್ತಿ ಉರಿದು ಸುಮಾರು 5 ಲಕ್ಷ ಪುಸ್ತಕಗಳು ಬೂದಿಯಾದವು. ಪಕ್ಕದಲ್ಲೇ ಹಳೆಯ ಗುಪ್ತಚರ ದಳ ಸೆಕ್ಯುರಿತಾತೆಯ ಕಟ್ಟಡವೊಂದರ ಸುಟ್ಟ ಇಟ್ಟಿಗೆ ಗೋಡೆಗಳನ್ನು ಹಾಗೆಯೇ ಉಳಿಸಿ ನಡುವಿನಿಂದ ಗಾಜಿನ ಕಟ್ಟಡ ಎಬ್ಬಿಸಿದ್ದಾರೆ. ವಾಸ್ತುಶಿಲ್ಪಿಗಳ ಸಂಘ ಅದರಲ್ಲಿದೆ. ಚೌಕದ ನಡುವಿನ ಎತ್ತರದ ಬಿಳಿ ಸ್ಮಾರಕವನ್ನು ಊರಿನವರು ಕಡ್ಡಿಗೆ ಚುಚ್ಚಿದ ಆಲೂಗಡ್ಡೆ ಎಂದೇ ಕರೆಯುತ್ತಾರೆ. ನನಗೂ ಅದು ಹಿಡಿಸಿಲ್ಲ. ಅದರ ಬುಡದ ಗೋಡೆಯಲ್ಲಿ ಕೊರೆದಿರುವ ಸತ್ತವರ ಹೆಸರುಗಳ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ.

ಈಗ ತಂದೆಯವರ ಆತಂಕದ ವಿಷಯ. ಅದು ನಿರಾಧಾರವೇನಲ್ಲ. ಅರ್ಧ ದಿನದಲ್ಲಿ ಹತ್ತು ತಾಣ ಮುಗಿಸುವ ಪ್ರವಾಸಗಳಲ್ಲಿ ಇಡೀ ನಾಲ್ಕು ದಶಕಗಳನ್ನು ಒಬ್ಬ ದುಷ್ಟ ಮತ್ತು ಅವನ ಹೆಂಡತಿಯ ಕಥೆಯಾಗಿ ಇಳಿಸಿಬಿಡುವುದನ್ನು ನಾನೂ ಕೇಳಿದ್ದೇನೆ. ಆದರೆ ದುಡಿಯುವವರ ಪರವಾಗಿ ಬದುಕಿದ ಹಿರಿಯರೊಬ್ಬರಿಗೆ ಈ ದೇಶದ ಚರಿತ್ರೆಯಲ್ಲಿ ಕೇಳಲೇಬೇಕಾದ ಬೇರೆ ಒಂದು ಎಳೆ ಇದೆ, ಅದು ಕಾರ್ಮಿಕರದೇ ಎಳೆ. ಅದನ್ನೇ ಹೇಳಿ ಎಂದು ಗೈಡ್‌ರನ್ನು ಕೇಳಿಕೊಳ್ಳಿ.

ಅದು 1933ರ ಫೆಬ್ರವರಿಯ ಗ್ರಿವಿತ್ಸಾ ರೈಲ್ವೆ ಕಾರ್ಯಾಗಾರದ ಮುಷ್ಕರದಿಂದ ಆರಂಭವಾಗುತ್ತದೆ. ಉತ್ತರ ರೈಲು ನಿಲ್ದಾಣದ ಸಮೀಪದ ಆ ಕಾರ್ಯಾಗಾರದಲ್ಲಿ ಸಂಬಳ ಕಡಿತದ ವಿರುದ್ಧ ಕೂತ ಕಾರ್ಮಿಕರ ಮೇಲೆ ಸೇನೆ ಗುಂಡು ಹಾರಿಸಿತು. ಆ ರೈಲ್ವೆ ಕಾರ್ಮಿಕರ ಸಂಘಟಕರಲ್ಲಿ ಒಬ್ಬರಾಗಿ ಸೆರೆಮನೆ ಸೇರಿದ ಗ್ಯೋರ್ಗೆ ಗ್ಯೋರ್ಗಿಯು-ದೇಜ್ ಎರಡನೆಯ ಮಹಾಯುದ್ಧದ ನಂತರ ದೇಶದ ಮೊದಲ ಕಮ್ಯುನಿಸ್ಟ್ ನಾಯಕರಾದರು, 1965ರಲ್ಲಿ ಸಾಯುವವರೆಗೂ ಆಳಿದರು. ಭಾರತಕ್ಕೂ ಅವರ ಕಾಲಕ್ಕೂ ನಿಜವಾದ ನಂಟಿದೆ: ಸ್ವತಂತ್ರ ಭಾರತದ ಸಾರ್ವಜನಿಕ ವಲಯದ ಮೊದಲ ತೈಲ ಶುದ್ಧೀಕರಣ ಘಟಕ, 1962ರ ಜನವರಿ 1ರಂದು ನೆಹರೂ ಉದ್ಘಾಟಿಸಿದ ಗುವಾಹಟಿಯ ಘಟಕ, ರುಮೇನಿಯಾದ ತಾಂತ್ರಿಕ ನೆರವಿನಿಂದಲೇ ಆದದ್ದು. ಕರೋಲ್ ಉದ್ಯಾನದಲ್ಲಿ 1963ರಲ್ಲಿ ಕಟ್ಟಿದ, ಕೆಂಪು ಗ್ರಾನೈಟಿನ ಎತ್ತರದ ಕಮಾನುಗಳಿರುವ ಸ್ಮಾರಕಭವನದಲ್ಲಿ ದೇಜ್‌ರ ದೇಹವನ್ನು ಇರಿಸಿದ್ದರು; ಆಡಳಿತ ಬಿದ್ದ ಮೇಲೆ ತೆಗೆದು ಬೇರೆಡೆ ಹೂಳಿದರು. ಉದ್ಯಾನ ಶಾಂತವಾಗಿದೆ, ಕೂರಲು ಬೆಂಚುಗಳಿವೆ, ತಂದೆಯವರಿಗೆ ಹಿಡಿಸುತ್ತದೆ. ಇದೇ ದೇಜ್‌ರ ಆಳ್ವಿಕೆಯಲ್ಲಿ ದಾನ್ಯೂಬ್ ನದಿಯಿಂದ ಕಪ್ಪು ಸಮುದ್ರದವರೆಗಿನ ಕಾಲುವೆ ಅಗೆಯಲು ರಾಜಕೀಯ ಕೈದಿಗಳನ್ನು ದುಡಿಸಲಾಯಿತು, ವಿರೋಧ ಪಕ್ಷಗಳ ನಾಯಕರು ಜೈಲಿನಲ್ಲಿ ಸತ್ತರು. ರೈತ ಪಕ್ಷದ ನಾಯಕ, ಮಾಜಿ ಪ್ರಧಾನಿ ಯೂಲಿಯು ಮಾನಿಯು 1953ರಲ್ಲಿ ಸಿಗೆತ್ ಜೈಲಿನಲ್ಲಿ ಪ್ರಾಣ ಬಿಟ್ಟರು. ಅವರ ಕಂಚಿನ ಪ್ರತಿಮೆ ಕೇಂದ್ರ ಸಮಿತಿಯ ಕಟ್ಟಡದ ಎದುರೇ ಇದೆ.

ಮುಂದಿನದು 1977ರ ಆಗಸ್ಟ್. ಜಿಯು ಕಣಿವೆಯ ಕಲ್ಲಿದ್ದಲು ಗಣಿಗಳಲ್ಲಿ ನಿವೃತ್ತಿಯ ವಯಸ್ಸನ್ನು 50ರಿಂದ 55ಕ್ಕೆ ಏರಿಸಿ ಅಂಗವೈಕಲ್ಯದ ಪಿಂಚಣಿಯನ್ನು ಕತ್ತರಿಸಿದಾಗ ಸುಮಾರು 35,000 ಗಣಿಗಾರರು ಕೆಲಸ ನಿಲ್ಲಿಸಿ, ಚಾವುಶೆಸ್ಕು ಖುದ್ದಾಗಿ ಬರಬೇಕೆಂದು ಪಟ್ಟು ಹಿಡಿದರು. ಅವರು ಬಂದರು, ಮಾತು ಕೊಟ್ಟರು, ಜನ ಚದುರಿದ ಮೇಲೆ ಮುಂದಾಳುಗಳನ್ನು ಹೆಕ್ಕಿ ಹೆಕ್ಕಿ ಶಿಕ್ಷಿಸಿದರು. 1979ರಲ್ಲಿ ಪಕ್ಷದ ಹಿಡಿತದಿಂದ ಹೊರಗೆ ಒಂದು ಸ್ವತಂತ್ರ ಕಾರ್ಮಿಕ ಸಂಘ ಕಟ್ಟಲು ಹೊರಟವರನ್ನು ಕೆಲವೇ ತಿಂಗಳಲ್ಲಿ ಹತ್ತಿಕ್ಕಲಾಯಿತು. 1987ರ ನವೆಂಬರ್ 15ರಂದು ಬ್ರಶೋವ್ ನಗರದ ಟ್ರಕ್ ಕಾರ್ಖಾನೆಯ ಕಾರ್ಮಿಕರು ಸಂಬಳ ಕಡಿತದಿಂದ ರೋಸಿ ಬೀದಿಗಿಳಿದು, ಪಕ್ಷದ ಜಿಲ್ಲಾ ಕಚೇರಿಗೆ ನುಗ್ಗಿ, ನಾಯಕನ ಚಿತ್ರಪಟಗಳನ್ನು ಕಿಟಕಿಯಿಂದ ಹೊರಗೆಸೆದರು. ತಾವು ತಿಂಗಳುಗಟ್ಟಲೆ ಕಾಣದ ತಿನಿಸುಗಳು ಒಳಗೆ ಮೇಜಿನ ಮೇಲೆ ಜೋಡಿಸಿದ್ದುದನ್ನು ಅವರು ಕಂಡರು. ಹತ್ತಾರು ಮಂದಿಗೆ ಶಿಕ್ಷೆಯಾಗಿ, ಕುಟುಂಬ ಬಿಟ್ಟು ದೂರದ ಊರುಗಳಿಗೆ ಕಳುಹಿಸಲ್ಪಟ್ಟರು. ಕಾರ್ಮಿಕರ ಹೆಸರಿನ ರಾಜ್ಯದಲ್ಲಿ ಸಂಘವೆಂದರೆ ಆಡಳಿತ ಮಂಡಳಿಯ ಮಾತನ್ನು ಕೆಳಗೆ ಮುಟ್ಟಿಸುವ ವ್ಯವಸ್ಥೆಯಾಗಿತ್ತು. ಮುಷ್ಕರದ ಹಕ್ಕು ಇರಲಿಲ್ಲ. ಗೇಟಿನ ಮುಂದೆ ನಿಂತು ಮಾತಾಡಿದ ಅನುಭವವಿರುವ ನಿಮ್ಮ ತಂದೆಯವರು ಇದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ತೂಗಿ ನೋಡಬಲ್ಲರು.

ಹಾಗೆಯೇ ಇನ್ನೊಂದು ಕಡೆಯ ಮಾತನ್ನೂ ಗೈಡ್ ಹೇಳಲಿ. ಯುದ್ಧಕ್ಕೆ ಮುಂಚೆ ದೊಡ್ಡ ಪ್ರಮಾಣದಲ್ಲಿದ್ದ ಅನಕ್ಷರತೆ ತೊಲಗಿದ್ದು, ಹಳ್ಳಿಗಳಿಗೆ ವಿದ್ಯುತ್ ಬಂದದ್ದು, ಹಳ್ಳಿ ಬಿಟ್ಟು ಬಂದ ಲಕ್ಷಾಂತರ ಜನರಿಗೆ ನಲ್ಲಿ ನೀರಿನ ಮನೆ ಸಿಕ್ಕಿದ್ದು ಇದೇ ಕಾಲದಲ್ಲಿ. ಇವತ್ತಿಗೂ ವಯಸ್ಸಾದವರಲ್ಲಿ ಅನೇಕರು, ಆಗ ಕೆಲಸವಿತ್ತು, ಮನೆಯಿತ್ತು ಎಂದು ಹೇಳುವುದನ್ನು ನೀವು ಕೇಳುತ್ತೀರಿ. ಅವರೇ ಮರುಕ್ಷಣದಲ್ಲಿ 1966ರ 770ನೆಯ ಆದೇಶದ ಬಗ್ಗೆ ಹೇಳಿಯಾರು. ಗರ್ಭಪಾತವನ್ನು ಬಹುತೇಕ ಪೂರ್ತಿ ನಿಷೇಧಿಸಿದ ಆ ಆದೇಶದಿಂದ, ಕದ್ದು ಮುಚ್ಚಿ ಮಾಡಿಸಿಕೊಂಡ ಗರ್ಭಪಾತಗಳಲ್ಲಿ ಸಾವಿರಾರು ಹೆಂಗಸರು ಸತ್ತರು, ಅನಾಥಾಲಯಗಳು ತುಂಬಿ ತುಳುಕಿದವು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಗೈಡ್ ನಿಮಗೆ ಬೇಕು.

ಅಂಥವರನ್ನು ಹುಡುಕುವುದು ಹೇಗೆ? ರುಮೇನಿಯಾದಲ್ಲಿ ಗೈಡ್‌ಗಳಿಗೆ ಸರ್ಕಾರದ ಪರವಾನಗಿ ಪತ್ರವಿರುತ್ತದೆ. ಇದೆಯೇ ಎಂದು ಮೊದಲ ಪತ್ರದಲ್ಲೇ ಕೇಳಿ, ಅದಕ್ಕೆ ಯಾರೂ ಬೇಸರಿಸುವುದಿಲ್ಲ. 1989ರಲ್ಲಿ ನಿಮಗೆ ಎಷ್ಟು ವಯಸ್ಸು, ಮನೆ ಯಾವ ಬಡಾವಣೆಯಲ್ಲಿತ್ತು ಎಂದು ಕೇಳಿ. ಐವತ್ತು ದಾಟಿದವರಾದರೆ ಸರತಿ ಸಾಲಿನಲ್ಲಿ ತಾವೇ ನಿಂತಿರುತ್ತಾರೆ. ಕಿರಿಯರಾದರೂ ಅಡ್ಡಿಯಿಲ್ಲ, 1999ರ ಕಾನೂನಿನ ನಂತರ ಸೆಕ್ಯುರಿತಾತೆಯ ಕಡತಗಳನ್ನು ಸಂಬಂಧಪಟ್ಟವರು ಓದಲು ಅವಕಾಶವಾಗಿದೆ, ತಮ್ಮ ಮನೆಯವರ ಕಡತ ಓದಿದ ಕಿರಿಯ ಗೈಡ್‌ ಒಬ್ಬರು ಹಿರಿಯರಿಗಿಂತ ನಿಖರವಾಗಿ ಮಾತಾಡಿದ್ದನ್ನು ಕೇಳಿದ್ದೇನೆ. ಶುಲ್ಕ ತಲೆಗೆ ಇಷ್ಟೆಂದೋ ಒಟ್ಟಾರೆಯೋ, ಪ್ರವೇಶದ ಟಿಕೆಟ್ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹಳೆಯ ದಾಚಿಯಾ 1300 ಕಾರಿನಲ್ಲಿ ಸುತ್ತಿಸುವ ಪ್ರವಾಸಗಳೂ ಇವೆ. 1969ರಿಂದ ತಯಾರಾದ ಆ ಕಾರು ಅಂದಿನ ಮಧ್ಯಮ ವರ್ಗದ ಕನಸು, ವರ್ಷಗಟ್ಟಲೆ ಕಾದು ಕೊಂಡದ್ದು. ಮಂಡಿ ನೋವಿದ್ದರೆ ಒಳ್ಳೆಯದೇ, ಆದರೆ ಕಿಟಕಿಯಿಂದ ನೋಡಿ ಮುಂದೆ ಹೋಗುವುದರಲ್ಲಿ ಮಿಹಾಯ್ ವೋಡಾದಂಥ ಜಾಗಗಳು ತಪ್ಪಿಹೋಗುತ್ತವೆ.

ಮೂರನೆಯ ದಿನ ಗೈಡ್ ಬೇಡ. ಬೆಳಿಗ್ಗೆ ಮೆಟ್ರೊ ಹತ್ತಿ. ಅದರ ಮೊದಲ ಮಾರ್ಗ ಶುರುವಾದದ್ದು 1979ರ ನವೆಂಬರ್‌ನಲ್ಲಿ. ರೋಮಾನಾ ಚೌಕದ ನಿಲ್ದಾಣದಲ್ಲಿ ಇಳಿದರೆ ಪ್ಲಾಟ್‌ಫಾರ್ಮ್ ತೀರ ಕಿರಿದಾಗಿರುವುದನ್ನು ಕಾಣುವಿರಿ. ಅಲ್ಲಿ ನಿಲ್ದಾಣ ಬೇಡವೆಂದು ಎಲೆನಾ ಹೇಳಿದ್ದರಿಂದ ಎಂಜಿನಿಯರ್‌ಗಳು ಗುಟ್ಟಾಗಿ ಜಾಗ ಬಿಟ್ಟುಕೊಂಡು ಕಟ್ಟಿದರೆಂಬ ಕಥೆ ಜನರ ಬಾಯಲ್ಲಿದೆ. ಅಲ್ಲಿಂದ ತಿತಾನ್ ಬಡಾವಣೆಗೆ ಹೋಗಿ, ಹತ್ತಂತಸ್ತಿನ ವಸತಿ ಸಾಲುಗಳ ನಡುವಿನ ಉದ್ಯಾನದಲ್ಲಿ ಒಂದು ಗಂಟೆ ಕುಳಿತುಕೊಳ್ಳಿ. ಗಾಜು ಹಾಕಿ ಮುಚ್ಚಿಕೊಂಡ ಬಾಲ್ಕನಿಗಳು, ಅಲ್ಲಿ ಒಣಗುವ ಬಟ್ಟೆ, ಕೆಳಗೆ ಚದುರಂಗ ಆಡುವ ನಿವೃತ್ತರು. ಬುಕಾರೆಸ್ಟಿನ ಬಹುಜನರ ಬದುಕು ಇಂದಿಗೂ ನಡೆಯುತ್ತಿರುವುದು ಆ ಕಾಲದ ಈ ಮನೆಗಳಲ್ಲೇ. ಸಮಯ ಉಳಿದರೆ ಪ್ರಿಮವೆರಿ ಬೀದಿಯಲ್ಲಿ ಚಾವುಶೆಸ್ಕು ಕುಟುಂಬ ವಾಸಿಸುತ್ತಿದ್ದ ಬಂಗಲೆಯನ್ನು ನೋಡಬಹುದು, 2016ರಿಂದ ಸಾರ್ವಜನಿಕರಿಗೆ ತೆರೆದಿದೆ, ಮುಂಗಡ ಕಾದಿರಿಸಬೇಕು. ಊರಿನ ಉತ್ತರ ತುದಿಯ ಪತ್ರಿಕಾ ಭವನವನ್ನು ಮಾಸ್ಕೋದ ಗಗನಚುಂಬಿಗಳ ಮಾದರಿಯಲ್ಲಿ 1950ರ ದಶಕದಲ್ಲಿ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಸಾಕು. ಅದರ ಮುಂದಿದ್ದ ಲೆನಿನ್ ಪ್ರತಿಮೆಯನ್ನು 1990ರ ಮಾರ್ಚ್‌ನಲ್ಲಿ ಕೆಳಗಿಳಿಸಿದರು.

ತಂದೆಯವರು ಸಸ್ಯಾಹಾರಿಯಾದರೆ ‘ದೆ ಪೋಸ್ತ್’ ಎಂಬ ಎರಡು ಪದ ಕಲಿತಿಡಿ. ಚರ್ಚಿನ ಉಪವಾಸದ ಅಡುಗೆ ಎಂದರ್ಥ, ಅದರಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಮಮಲಿಗಾ ಎಂಬುದು ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಚೀಸ್ ಜೊತೆಗೆ ಬಡಿಸುತ್ತಾರೆ. ದಾವಣಗೆರೆಯ ಸುತ್ತಮುತ್ತಲಿನ ಹೊಲಗಳಲ್ಲಿ ಮೆಕ್ಕೆಜೋಳ ನೋಡುತ್ತ ಬದುಕಿದವರಿಗೆ ಅದು ಅಪರಿಚಿತವೆನಿಸದು. ವೀಸಾ ವಿಷಯದಲ್ಲಿ ತೊಡಕಿಲ್ಲ: 2025ರ ಜನವರಿ 1ರಿಂದ ರುಮೇನಿಯಾ ಷೆಂಗೆನ್ ವಲಯಕ್ಕೆ ಪೂರ್ಣವಾಗಿ ಸೇರಿರುವುದರಿಂದ, ಜರ್ಮನಿಗಾಗಿ ಪಡೆದ ಷೆಂಗೆನ್ ವೀಸಾ ಅವಧಿಯೊಳಗೆ ತಂದೆಯವರಿಗೆ ಅಲ್ಲಿಗೂ ನಡೆಯುತ್ತದೆ.

ಗೈಡ್‌ಗೆ ಬರೆಯುವ ಪತ್ರದಲ್ಲಿ ಇಷ್ಟನ್ನು ಸೇರಿಸಿ: ಬರುವವರು ನಿವೃತ್ತ ಗಿರಣಿ ಕಾರ್ಮಿಕರು, ಸಂಘದ ಕೆಲಸ ಮಾಡಿದವರು, ಮುಕ್ಕಾಲು ಗಂಟೆಗೊಮ್ಮೆ ಕೂರಲು ಜಾಗ ಬೇಕು, ಆರಂಭ ಮಿಹಾಯ್ ವೋಡಾದಿಂದ, ಗ್ರಿವಿತ್ಸಾ, ಜಿಯು ಕಣಿವೆ ಮತ್ತು ಬ್ರಶೋವ್ ಬಗ್ಗೆ ವಿವರವಾಗಿ ಕೇಳುವ ಆಸೆಯಿದೆ, ಇಂಗ್ಲಿಷಿನಲ್ಲಿ ಹೇಳಿದ್ದನ್ನು ನೀವು ಕನ್ನಡಕ್ಕೆ ತಿಳಿಸಲು ನಡುನಡುವೆ ನಿಲ್ಲಿಸಬೇಕು. ತಂದೆಯವರು ಕೇಳುವ ಮರುಪ್ರಶ್ನೆಗಳನ್ನು ಮೊಟಕುಗೊಳಿಸದೆ ಅವರಿಗೆ ಮುಟ್ಟಿಸಿ. ನನ್ನ ಗೈಡ್ ಆಗಿದ್ದ ಶಿಕ್ಷಕಿಯವರು ಹೇಳಿದ್ದರಲ್ಲಿ ಅತ್ಯಂತ ಬೆಲೆಬಾಳುವ ಸಂಗತಿಗಳು ಬಂದದ್ದು ಅಂಥ ಮರುಪ್ರಶ್ನೆಗಳಿಗೆ ಉತ್ತರವಾಗಿಯೇ.